ಹೊಸ ಬೈಕ್, 25 ಸಾವಿರ ಬಜೆಟ್: ಹೆಲ್ಮೆಟ್, ಜಾಕೆಟ್, ಗ್ಲೌಸ್, ಶೂ, ಯಾವುದು ಮೊದಲು?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಏಳು ವರ್ಷ ಸ್ಕೂಟರ್ ಓಡಿಸಿದ ಮೇಲೆ ಹೋದ ತಿಂಗಳು ಮೊದಲ ಸಲ ಗೇರ್ ಬೈಕ್ ತಗೊಂಡಿದ್ದೇನೆ. 350 ಸಿಸಿ, ಸೆಕೆಂಡ್ ಹ್ಯಾಂಡ್. ದಿನಾ ಯಶವಂತಪುರದಿಂದ ಹೆಬ್ಬಾಳದ ಆಚೆ ಆಫೀಸಿಗೆ, ಹೋಗಿ ಬರುವುದು ಸೇರಿ 25 ಕಿ.ಮೀ. ಹದಿನೈದು ದಿನಕ್ಕೊಮ್ಮೆ ಊರಿಗೆ. ನೆಲಮಂಗಲ, ತುಮಕೂರು, ಗುಬ್ಬಿ, ಕೆ.ಬಿ. ಕ್ರಾಸ್ ಮೇಲೆ ತಿಪಟೂರು, ಒಂದು ಕಡೆಗೆ 140 ಕಿ.ಮೀ. ಹತ್ತಿರ ಆಗುತ್ತದೆ.

ಈಗ ನನ್ನ ಹತ್ತಿರ ಇರುವುದು ಸ್ಕೂಟರ್ ಜೊತೆ ಶೋರೂಮಿನವರು ಕೊಟ್ಟ ಹೆಲ್ಮೆಟ್ ಒಂದೇ. ಅದು ಎಷ್ಟು ಸಡಿಲ ಅಂದರೆ ದಾಬಸ್‌ಪೇಟೆ ದಾಟಿ ಸ್ವಲ್ಪ ಸ್ಪೀಡ್ ಹೋದರೆ ಗಾಳಿಗೆ ಹಿಂದಕ್ಕೆ ವಾಲುತ್ತದೆ, ಒಂದು ಕೈಯಲ್ಲಿ ಸರಿ ಮಾಡಿಕೊಳ್ಳಬೇಕು. ಹೋದ ವಾರ ಊರಿಂದ ಬರುವಾಗ ಗುಬ್ಬಿ ಹತ್ತಿರ ನಾಯಿ ಅಡ್ಡ ಬಂತು. ಬೀಳಲಿಲ್ಲ, ಆದರೆ ಬೈಕ್ ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಕೈ ನಡುಗುತ್ತಿತ್ತು. ಅವತ್ತೇ ತೀರ್ಮಾನ ಮಾಡಿದೆ, ಸರಿಯಾದ ಸಾಮಾನು ತಗೊಳ್ಳಬೇಕು ಅಂತ.

ಬಜೆಟ್ ಎಲ್ಲಾ ಸೇರಿ 25 ಸಾವಿರ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬರು ಹೆಲ್ಮೆಟ್‌ಗೇ 15 ಸಾವಿರ ಹಾಕಿ ಅಂತಾರೆ, ಇನ್ನೊಬ್ಬರು ಬೂಟಿಲ್ಲದೆ ಗೇಟ್ ದಾಟಬೇಡಿ ಅಂತಾರೆ. ಬಿಸಿಲಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಜಾಕೆಟ್ ಹಾಕಿಕೊಂಡಿರಲು ಆಗುತ್ತಾ? ಯಾವುದಕ್ಕೆ ಎಷ್ಟು ಹಾಕಲಿ?

---

ಹಳೇ ಪಲ್ಸರ್

ಗುರು, ಮೊದಲು ಆ ಹೆಲ್ಮೆಟ್ ತೆಗೆದು ಆಚೆ ಇಡು. ಗಾಳಿಗೇ ವಾಲುವ ಹೆಲ್ಮೆಟ್ ಬಿದ್ದಾಗ ತಲೆ ಮೇಲೆ ಇರುತ್ತದಾ? ಶೋರೂಮಿನವರು ನಿನ್ನ ತಲೆ ಅಳೆದು ಕೊಟ್ಟಿರುವುದಿಲ್ಲ, ಕೊಡಬೇಕು ಅಂತ ರೂಲ್ ಇದೆ, ಅದಕ್ಕೆ ಕೊಟ್ಟಿದ್ದಾರೆ.

15 ಸಾವಿರ ಬೇಕಾಗಿಲ್ಲ. 4ರಿಂದ 5 ಸಾವಿರಕ್ಕೆ ಒಳ್ಳೆಯ ಫುಲ್ ಫೇಸ್, ಅಂದರೆ ಗದ್ದವನ್ನೂ ಮುಚ್ಚುವ ಹೆಲ್ಮೆಟ್ ಸಿಗುತ್ತದೆ. ಐಎಸ್‌ಐ ಮಾರ್ಕ್ ಇರಲೇಬೇಕು, ನಮ್ಮ ದೇಶದಲ್ಲಿ ಹೆಲ್ಮೆಟ್‌ನ ಸ್ಟ್ಯಾಂಡರ್ಡ್ ನಂಬರ್ ಐಎಸ್ 4151. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರುವ ಹಾಗೇ ಇಲ್ಲ, ಆದರೂ ಫುಟ್‌ಪಾತ್ ಮೇಲೆ ಸಾಲಾಗಿ ಜೋಡಿಸಿಟ್ಟಿರುವ ಮುನ್ನೂರು ರೂಪಾಯಿ ಮಾಲಿನ ಮೇಲೂ ಆ ಸ್ಟಿಕ್ಕರ್ ಇರುತ್ತದೆ. ಸ್ಟಿಕ್ಕರ್ ಅಂಟಿಸಲು ಏನು ಕಷ್ಟ? ಮಾರ್ಕಿನ ಕೆಳಗೆ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಇನ್ನೂ ಇದೆಯಾ ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡು, ನಾಚಿಕೆ ಬೇಡ.

ಅದರ ಜೊತೆಗೆ ಇಸಿಇ 22.06 ಅಂತ ಇದ್ದರೆ ಇನ್ನೂ ಒಳ್ಳೆಯದು. ಅದು ಯುರೋಪಿನ ಸ್ಟ್ಯಾಂಡರ್ಡ್. ಹಳೆಯ 22.05ಕ್ಕಿಂತ ಇದರಲ್ಲಿ ಹೆಚ್ಚು ಜಾಗಗಳಲ್ಲಿ ಹೊಡೆದು ನೋಡುತ್ತಾರೆ, ಓರೆಯಾಗಿ ಬಡಿದಾಗ ತಲೆ ಎಷ್ಟು ತಿರುಚುತ್ತದೆ ಅನ್ನುವುದನ್ನೂ ಅಳೆಯುತ್ತಾರೆ. ಡಿಒಟಿ ಅಂತ ಮಾತ್ರ ಬರೆದಿದ್ದರೆ ಮರುಳಾಗಬೇಡ. ಅದು ಅಮೆರಿಕದ್ದು, ಅಲ್ಲಿ ಕಂಪನಿಯವರೇ ತಮ್ಮ ಮಾಲಿಗೆ ತಾವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುವುದು.

ಬ್ರ್ಯಾಂಡ್ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ. ನಮ್ಮ ಬೆಳಗಾವಿಯ ವೇಗಾದವರ ಆಕ್ಸರ್, ಸ್ಟಡ್ಸ್‌ನವರ ಎಸ್‌ಎಂಕೆ, ಸ್ಪೇನಿನ ಎಂಟಿ, ಇವೆಲ್ಲ ನಿನ್ನ ಬಜೆಟ್ ಸುತ್ತಮುತ್ತಲೇ ಇವೆ. ಇವುಗಳಲ್ಲಿ ಯಾವುದು ನಿನ್ನ ತಲೆಗೆ ಸರಿಯಾಗಿ ಕೂರುತ್ತದೋ ಅದು ನಿನಗೆ ಒಳ್ಳೆಯದು, ನನಗೆ ಕೂತದ್ದು ನಿನಗೆ ಕೂರಬೇಕು ಅಂತೇನಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ಟೇಪ್ ಸುತ್ತಿ ಸೆಂಟಿಮೀಟರ್‌ನಲ್ಲಿ ಅಳತೆ ತಗೋ. ಆಮೇಲೆ ಅಂಗಡಿಗೆ ಹೋಗಿ ಹಾಕಿ ನೋಡು. ಕೆನ್ನೆ ಎರಡೂ ಒತ್ತಿಕೊಂಡು, ಬಾಯಲ್ಲಿ ಬೋಂಡಾ ಇಟ್ಟುಕೊಂಡವರ ಹಾಗೆ ಕಾಣಬೇಕು. ಹೆಲ್ಮೆಟ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಬರಬೇಕು. ಬೆಲ್ಟ್ ಹಾಕಿ ಹಿಂದಿನಿಂದ ಮೇಲಕ್ಕೆ ಎತ್ತಿ ಮುಂದಕ್ಕೆ ಉರುಳಿಸಿ ನೋಡು, ಕಳಚಿ ಬಂದರೆ ಅದನ್ನು ಅಲ್ಲೇ ಬಿಟ್ಟು ಬಾ. ಹಾಕಿಕೊಂಡು ಅಂಗಡಿಯಲ್ಲಿ ಹದಿನೈದು ನಿಮಿಷ ಓಡಾಡು. ಹಣೆಯ ಒಂದೇ ಜಾಗದಲ್ಲಿ ನೋವು ಶುರುವಾದರೆ ಸೈಜ್ ಸರಿ ಇದ್ದರೂ ನಿನ್ನ ತಲೆಯ ಆಕಾರಕ್ಕೆ ಅದು ಆಗಿಬರುವುದಿಲ್ಲ, ಬೇರೆ ಕಂಪನಿ ನೋಡು. ಕೆನ್ನೆ ಬಿಗಿ ಇದ್ದರೆ ಚಿಂತೆ ಇಲ್ಲ, ಒಂದೆರಡು ವಾರದಲ್ಲಿ ಸ್ಪಂಜ್ ಕೂತುಕೊಳ್ಳುತ್ತದೆ.

ಕಪ್ಪು ವೈಸರ್ ಬೇಡ, ಕ್ಲಿಯರ್ ತಗೋ. ಸಂಜೆ ಊರಿಗೆ ಹೊರಡುವವನು ಅಂದರೆ ಕೆ.ಬಿ. ಕ್ರಾಸ್ ದಾಟುವಷ್ಟರಲ್ಲಿ ಕತ್ತಲೆ. ಮತ್ತೆ ಹೆಲ್ಮೆಟ್ ಒರೆಸಲು ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡ, ಪ್ಲಾಸ್ಟಿಕ್ ಶೆಲ್ ಒಳಗೊಳಗೇ ಹಾಳಾಗುತ್ತದೆ. ಸೋಪಿನ ನೀರು ಸಾಕು.

---

ಮೂಳೆ ವಾರ್ಡ್

ನಾನು ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ನರ್ಸ್. ಬೈಕ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಬಿದ್ದವರ ಬಗ್ಗೆ ಗೊತ್ತು.

ನಮ್ಮಲ್ಲಿಗೆ ಬರುವವರು ಎಲ್ಲರೂ ದೊಡ್ಡ ಆ್ಯಕ್ಸಿಡೆಂಟ್ ಆದವರಲ್ಲ. ಮನೆ ಹತ್ತಿರದ ತಿರುವಲ್ಲಿ, ಮರಳ ಮೇಲೆ, ಮಳೆಗೆ ಹಂಪ್ ಕಾಣದೆ, 30-40ರಲ್ಲಿ ಹೋಗುವಾಗ ಬಿದ್ದವರು ತುಂಬಾ ಜನ. ಬೀಳುವಾಗ ಯಾರೂ ಯೋಚನೆ ಮಾಡಿ ಬೀಳುವುದಿಲ್ಲ, ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಮೊದಲು ಅಂಗೈ ನೆಲಕ್ಕೆ. ಅಂಗೈ ಚರ್ಮ ಕಿತ್ತುಹೋಗುತ್ತದೆ, ಗಾಯದೊಳಗೆ ಸಣ್ಣ ಸಣ್ಣ ಜಲ್ಲಿ ಸೇರಿಕೊಂಡಿರುತ್ತದೆ. ಅದನ್ನು ಬ್ರಷ್ ಹಾಕಿ ತೊಳೆಯುವಾಗ ಗಟ್ಟಿ ಗಟ್ಟಿ ಗಂಡಸರೂ ಅಮ್ಮಾ ಅಂತಾರೆ. ಎರಡೂ ಅಂಗೈ ಹೋದವರ ಪಾಡು ಹೇಳಬಾರದು. ಊಟ, ಸ್ನಾನ, ಕಕ್ಕಸು, ಎಲ್ಲಕ್ಕೂ ಇನ್ನೊಬ್ಬರು ಬೇಕು. ಮೂರು ವಾರ ಹೆಂಡತಿ ಕೈತುತ್ತು ತಿಂದವರನ್ನು ನೋಡಿದ್ದೇನೆ.

ಅದಕ್ಕೆ ನನ್ನ ಲೆಕ್ಕದಲ್ಲಿ ಹೆಲ್ಮೆಟ್ ಆದ ಮೇಲೆ ಗ್ಲೌಸ್. ಆಮೇಲೆ ಮೊಣಕಾಲು ಮತ್ತು ಪಾದದ ಕೀಲು. ಬೈಕ್ ಪಕ್ಕಕ್ಕೆ ಬಿದ್ದರೆ ಕಾಲಿನ ಮೇಲೇ ಬೀಳುವುದು, ನಿಮ್ಮದು 350 ಸಿಸಿ ಅಂದರೆ ಒಳ್ಳೇ ಭಾರ ಇರುತ್ತದೆ. ಚಪ್ಪಲಿಯಲ್ಲಿ ಬಂದವರ ಪಾದ ನೋಡಿದ ಮೇಲೆ ನಮ್ಮ ಯಜಮಾನರಿಗೆ ಅಂಗಡಿಗೆ ಹಾಲು ತರಲು ಹೋಗುವಾಗಲೂ ಶೂ ಹಾಕಿಸುತ್ತೇನೆ. ಬೈಯುತ್ತಾರೆ, ಬೈಯಲಿ.

ಫುಲ್ ಫೇಸ್ ಹೆಲ್ಮೆಟ್ ಅಂತ ಮೇಲೆ ಹೇಳಿದ್ದು ಸರಿಯಾಗಿದೆ. ಗದ್ದ ತೆರೆದಿರುವ ಹೆಲ್ಮೆಟ್‌ನಲ್ಲಿ ತಲೆ ಉಳಿದರೂ ದವಡೆ, ಹಲ್ಲು ಹೋಗಿರುತ್ತದೆ. ಜರ್ಮನಿಯ ಹ್ಯಾನೋವರ್‌ನಲ್ಲಿ ಹೆಲ್ಮೆಟ್ ಮೇಲೆ ಏಟು ಎಲ್ಲೆಲ್ಲಿ ಬಿದ್ದಿದೆ ಅಂತ ನಿಜವಾದ ಅಪಘಾತಗಳನ್ನೇ ನೋಡಿ ಲೆಕ್ಕ ಮಾಡಿದ್ದರು, ಸುಮಾರು ಮೂರರಲ್ಲಿ ಒಂದು ಪಾಲು ಗದ್ದದ ಭಾಗಕ್ಕೇ ಬಿದ್ದಿತ್ತು.

---

ಲೂನಾ ಕಾಲದವನು

30 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಲೂನಾದಿಂದ ಶುರು ಮಾಡಿ ಬುಲೆಟ್‌ವರೆಗೆ. ಜಾಕೆಟ್ಟೂ ಇಲ್ಲ, ಗ್ಲೌಸೂ ಇಲ್ಲ, ಒಂದು ಗೀರೂ ಆಗಿಲ್ಲ. ನಿಧಾನಕ್ಕೆ ಓಡಿಸಿ, ಅಷ್ಟೇ. ಈಗಿನವರು ಆಫೀಸಿಗೆ ಹೋಗಲೂ ಚಂದ್ರಲೋಕಕ್ಕೆ ಹೊರಟ ಹಾಗೆ ಡ್ರೆಸ್ ಹಾಕುತ್ತಾರೆ. ಆ 25 ಸಾವಿರ ಬ್ಯಾಂಕಿಗೆ ಹಾಕಿ ಸ್ವಾಮಿ.

---

ಹಳೇ ಪಲ್ಸರ್

ಸರ್, ನಿಮಗೆ ಒಳ್ಳೆಯದಾಗಲಿ, ಇನ್ನೂ 30 ವರ್ಷ ಹಾಗೇ ಇರಿ. ಆದರೆ ನಾಯಿಗೆ ನಿಮ್ಮ ಅನುಭವ ಗೊತ್ತಿರುವುದಿಲ್ಲ. ನಾನು 2014ರಲ್ಲಿ ಬಿದ್ದದ್ದು ನಿಂತ ಗಾಡಿಯಿಂದ. ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿನಿಂದ ಆಟೋದವನು ಗುದ್ದಿದ. ಇದಕ್ಕಿಂತ ನಿಧಾನಕ್ಕೆ ಹೇಗೆ ಓಡಿಸುವುದು ಹೇಳಿ?

---

ಅಂಗಡಿ ಹುಡುಗ

ನಾನು ರೈಡಿಂಗ್ ಗೇರ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಯಾವ ಅಂಗಡಿ ಅಂತ ಹೇಳುವುದಿಲ್ಲ, ಓನರ್ ಇಲ್ಲೇ ಇದ್ದರೂ ಇರಬಹುದು.

ಜಾಕೆಟ್ ಬಗ್ಗೆ ಹೇಳುತ್ತೇನೆ. ಜನ ಬಂದು ಮೊದಲು ಕೇಳುವುದು ಕಲರ್, ಎರಡನೆಯದು ಡಿಸ್ಕೌಂಟ್. ಒಳಗೆ ಕೈ ಹಾಕಿ ನೋಡುವವರು ಹತ್ತರಲ್ಲಿ ಒಬ್ಬರು. ನೀವು ಕೈ ಹಾಕಿ. ಭುಜ ಮತ್ತು ಮೊಣಕೈ ಹತ್ತಿರ ಒಳಜೇಬಲ್ಲಿ ಆರ್ಮರ್, ಅಂದರೆ ಏಟು ತಡೆಯುವ ಪ್ಯಾಡ್ ಇರುತ್ತದೆ, ಹೊರಗೆ ತೆಗೆಯಿರಿ. ಅದರ ಮೇಲೆ ಇಎನ್ 1621-1 ಅಂತ ಅಚ್ಚು ಇರಬೇಕು (ಇಎನ್ ಅಂದರೆ ಯುರೋಪಿನ ಸ್ಟ್ಯಾಂಡರ್ಡ್), ಲೆವೆಲ್ 1 ಅಥವಾ 2 ಅಂತ ಇರಬೇಕು. ಲೆವೆಲ್ 1 ಅಂದರೆ ಟೆಸ್ಟ್‌ನಲ್ಲಿ ಹೊಡೆದ ಏಟಲ್ಲಿ ಆಚೆ ಕಡೆಗೆ ತಲುಪುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗೆ ಇರಬೇಕು, ಲೆವೆಲ್ 2 ಅಂದರೆ 20ರ ಒಳಗೆ. ವ್ಯತ್ಯಾಸ ಸಣ್ಣದಲ್ಲ.

ಈಗ ಬೆನ್ನಿಗೆ ಬನ್ನಿ. ಇಲ್ಲೇ ಮೋಸ ಹೋಗುವುದು. ತುಂಬಾ ಜಾಕೆಟ್‌ಗಳಲ್ಲಿ ಬೆನ್ನಿನ ಜೇಬಲ್ಲಿ ಇಟ್ಟಿರುವುದು ಬರೀ ಸ್ಪಂಜ್, ಬಸ್ ಸೀಟಿನದ್ದರ ಹಾಗೆ. ಆರ್ಮರ್ ಇದೆ ಅಂತ ಅಂದುಕೊಂಡು ಐದು ವರ್ಷ ಹಾಕಿಕೊಂಡು ಓಡಾಡಿದವರು ಇದ್ದಾರೆ. ಬೆನ್ನಿನದಕ್ಕೆ ನಂಬರ್ ಇಎನ್ 1621-2. ಅಲ್ಲಿ ಲೆವೆಲ್ 1ಕ್ಕೆ 18 ಕಿಲೋನ್ಯೂಟನ್, ಲೆವೆಲ್ 2ಕ್ಕೆ 9. ಸ್ಪಂಜ್ ಇದ್ದರೆ ಅದನ್ನು ಎಸೆದು ಅದೇ ಅಳತೆಯ ಸರಿಯಾದ ಪ್ಯಾಡ್ ಬೇರೆ ತಗೊಂಡು ಹಾಕಬಹುದು, ಸಾವಿರದಿಂದ ಎರಡು ಸಾವಿರ ಆಗಬಹುದು.

ಬಟ್ಟೆಗೂ ರೇಟಿಂಗ್ ಇದೆ, ಇಎನ್ 17092. ಎಎಎ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಎಎ, ಆಮೇಲೆ ಎ. ರಸ್ತೆಗೆ ಉಜ್ಜಿದಾಗ ಎಷ್ಟು ತಡೆಯುತ್ತದೆ, ಹೊಲಿಗೆ ಬಿಚ್ಚುತ್ತದಾ ಅನ್ನುವುದನ್ನು ನೋಡಿ ಕೊಡುವುದು. ಮೆಶ್ ಜಾಕೆಟ್ ಅಂದರೆ ಬಲೆ ಬಲೆ ಇರುತ್ತದಲ್ಲ, ಅದು ಸಾಮಾನ್ಯವಾಗಿ ಎ ಇರುತ್ತದೆ, ಕೆಲವು ಎಎ. ಬೆಂಗಳೂರು, ತುಮಕೂರು ಬಿಸಿಲಿಗೆ ಮೆಶ್ಶೇ ಸರಿ. ಎಎಎ ಜಾಕೆಟ್ ತಗೊಂಡು ಸೆಕೆ ಅಂತ ಮನೆಯಲ್ಲಿ ಮೊಳೆಗೆ ನೇತುಹಾಕಿದರೆ ಅದು ಮೊಳೆಯನ್ನು ಕಾಪಾಡುತ್ತದೆ ಅಷ್ಟೇ. ಓಡುತ್ತಿರುವಾಗ ಮೆಶ್‌ನಲ್ಲಿ ಗಾಳಿ ಆಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಬೆವರುತ್ತದೆ, ಸುಳ್ಳು ಹೇಳುವುದಿಲ್ಲ.

ಸೈಜ್ ಸ್ವಲ್ಪ ಬಿಗಿ ಇರಲಿ. ಬೈಕ್ ಮೇಲೆ ಕೂತ ಹಾಗೆ ಕೈ ಮುಂದೆ ಚಾಚಿ ನೋಡಿ, ಮೊಣಕೈ ಆರ್ಮರ್ ಮೊಣಕೈ ಮೇಲೇ ಇರಬೇಕು. ಕೈಯಿಂದ ತಿರುಗಿಸಿದರೆ ಪಕ್ಕಕ್ಕೆ ಜಾರುತ್ತದೆ ಅಂದರೆ ಬಿದ್ದಾಗಲೂ ಜಾರುತ್ತದೆ. ಒಳಗೆ ಸ್ವೆಟರ್ ಹಾಕಿಕೊಳ್ಳಬೇಕಲ್ಲ ಅಂತ ಒಂದು ಸೈಜ್ ದೊಡ್ಡದು ಕೇಳುವವರಿಗೆ ದಿನಾ ಇದನ್ನೇ ಹೇಳಿ ನನಗೆ ಸಾಕಾಗಿದೆ.

ಗ್ಲೌಸ್‌ನಲ್ಲಿ ಮೂರು ನೋಡಿ. ಬೆರಳಿನ ಗೆಣ್ಣುಗಳ ಮೇಲೆ ಗಟ್ಟಿ ಚಿಪ್ಪು, ಅಂಗೈ ಬುಡದಲ್ಲಿ ಜಾರುವಂಥ ಗಟ್ಟಿ ತುಂಡು, ಮಣಿಕಟ್ಟಿಗೆ ಬಿಗಿಯುವ ಪಟ್ಟಿ. ಪಟ್ಟಿ ಹಾಕಿದ ಮೇಲೆ ಬೆರಳ ತುದಿ ಹಿಡಿದು ಎಳೆದರೆ ಬರಬಾರದು.

---

ತಿಪಟೂರು ತೆಂಗು

ಅಬ್ಬಾ, ಇಷ್ಟು ಬರೆದಿದ್ದೀರ, ಎಲ್ಲರಿಗೂ ಥ್ಯಾಂಕ್ಸ್. ಹಳೇ ಪಲ್ಸರ್ ಅವರೇ, ನಾನು ಗುರು ಅಲ್ಲ, ಹುಡುಗಿ 😄 ಮೊದಲೇ ಹೇಳಬೇಕಿತ್ತು, ಏಕೆಂದರೆ ಅದರಿಂದಲೇ ಇನ್ನೆರಡು ಪ್ರಶ್ನೆ ಇವೆ. ನನ್ನ ಎತ್ತರ 5 ಅಡಿ 2 ಇಂಚು. ನಿನ್ನೆ ಒಂದು ಅಂಗಡಿಗೆ ಹೋದರೆ ಹೆಂಗಸರ ಜಾಕೆಟ್ ಅಂತ ಇದ್ದದ್ದು ಎರಡೇ, ಎರಡರಲ್ಲೂ ಗುಲಾಬಿ ಪಟ್ಟೆ. ಗಂಡಸರ ಸ್ಮಾಲ್ ಹಾಕಿದರೆ ಭುಜ ದೊಗಳೆ, ಸೊಂಟದ ಹತ್ತಿರ ಹಿಡಿಯುತ್ತದೆ. ಎರಡನೆಯದು, ಕೂದಲು ಉದ್ದ ಇದೆ, ಜಡೆ ಮೇಲೆ ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ.

ಅಮ್ಮನಿಗೆ ನೀ ಗಾರ್ಡ್ (ಮೊಣಕಾಲಿಗೆ ಕಟ್ಟುವುದು) ಫೋಟೋ ತೋರಿಸಿದೆ. "ಇದೇನೇ ಇದು, ಕುಸ್ತಿಗೆ ಹೊರಟಿದ್ದೀಯಾ" ಅಂದರು.

---

ಹಳೇ ಪಲ್ಸರ್

ಅಯ್ಯೋ ಕ್ಷಮಿಸಿ ಮೇಡಂ. ಹೋಗು ಬಾ ಅಂತೆಲ್ಲಾ ಬರೆದುಬಿಟ್ಟೆ. ಹೆಲ್ಮೆಟ್ ವಿಷಯ ಮಾತ್ರ ಹಾಗೇ ಇದೆ, ಅದಕ್ಕೆ ಗಂಡು ಹೆಣ್ಣು ಇಲ್ಲ.

---

ಮೂಡಿಗೆರೆ ಮಳೆ

ತೆಂಗು ಅವರೇ, ನಾನೂ ನಿಮ್ಮಷ್ಟೇ ಎತ್ತರ, ಎಂಟು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಈ ಗುಲಾಬಿ ಪಟ್ಟೆ ಗೋಳು ನನಗೂ ಗೊತ್ತು.

ಜಾಕೆಟ್‌ಗೆ ಒಂದು ಉಪಾಯ. ಸೊಂಟ, ತೋಳು, ಎರಡೂ ಕಡೆ ಬಿಗಿ ಮಾಡುವ ಪಟ್ಟಿ ಇರುವ ಮಾಡೆಲ್ ನೋಡಿ. ಗಂಡಸರ ಎಕ್ಸ್ಟ್ರಾ ಸ್ಮಾಲ್‌ನಲ್ಲಿ ಭುಜ ಮೊದಲು ಕೂರಬೇಕು, ಸೊಂಟದ ಕಡೆ ಜಿಪ್ ಇರುವುದನ್ನು ಆರಿಸಿದರೆ ಬಿಚ್ಚಿಕೊಳ್ಳಬಹುದು. ಅಂಗಡಿಯಲ್ಲಿ ಇಲ್ಲ ಅಂದರೆ ತರಿಸಿಕೊಡಿ ಅಂತ ಕೇಳಿ. ರೈನಾಕ್ಸ್, ವಯಾಟೆರಾ ತರಹದ ನಮ್ಮ ದೇಶದ ಕಂಪನಿಗಳ ಅಳತೆ ಪಟ್ಟಿ ಅವರ ಸೈಟ್‌ನಲ್ಲೇ ಇರುತ್ತದೆ, ಎದೆ, ಸೊಂಟ, ತೋಳಿನ ಉದ್ದ ಮನೆಯಲ್ಲೇ ಟೇಪ್ ಹಿಡಿದು ನೋಡಿಕೊಂಡು ಹೋಗಿ. ಟೈಲರ್ ಹತ್ತಿರ ಕೊಟ್ಟು ಸಣ್ಣ ಮಾಡಿಸಲು ಹೋಗಬೇಡಿ. ನಾನು ಮಾಡಿಸಿದ್ದೆ. ಗಟ್ಟಿ ಹೊಲಿಗೆ ಬಿಚ್ಚಿ ಸಾದಾ ದಾರ ಹಾಕಿ ಕೊಟ್ಟರು, ಬ್ಲೌಸ್ ಹೊಲಿದ ಹಾಗೆ. ಬಿದ್ದಿದ್ದರೆ ಅಲ್ಲೇ ಹರಿದುಕೊಳ್ಳುತ್ತಿತ್ತು.

ಕೂದಲಿಗೆ, ಕತ್ತಿನ ಹತ್ತಿರ ಕೆಳಗೆ ಸಡಿಲ ಜಡೆ ಹಾಕಿ ಜಾಕೆಟ್ ಒಳಗೆ ಇಳಿಬಿಡಿ. ತಲೆಗೆ ತೆಳುವಾದ ಬಟ್ಟೆಯ ಬಾಲಕ್ಲಾವಾ, ಅಂದರೆ ತಲೆ, ಕತ್ತು ಮುಚ್ಚುವ ಮುಸುಕು ಹಾಕಿ, ಬೆವರು ಹೆಲ್ಮೆಟ್‌ಗೆ ಇಳಿಯುವುದಿಲ್ಲ, ಒಗೆಯಲೂ ಸುಲಭ. ಹೆಲ್ಮೆಟ್ ಕೊಳ್ಳಲು ಹೋಗುವಾಗಲೂ ಹಾಗೇ ಜಡೆ ಹಾಕಿ, ಬಾಲಕ್ಲಾವಾ ಹಾಕಿಕೊಂಡೇ ಹೋಗಿ. ದಿನಾ ಹೇಗೆ ಹಾಕುತ್ತೀರೋ ಹಾಗೆ ಹಾಕಿದರೆ ತಾನೇ ಅಳತೆ ಸರಿ ಬರುವುದು.

ಮಳೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳದಿದ್ದರೆ ಊರಿನ ಮಾನ ಹೋಗುತ್ತದೆ. ಜಾಕೆಟ್ ಜೊತೆ ಒಳಗೆ ಹಾಕುವ ರೈನ್ ಲೈನರ್ ಕೊಡುತ್ತಾರೆ. ನೀರು ಮೈಗೆ ತಾಕುವುದಿಲ್ಲ ನಿಜ, ಆದರೆ ಹೊರಗಿನ ಜಾಕೆಟ್ ಪೂರ್ತಿ ನೆಂದು ಒದ್ದೆ ಗೋಣಿಚೀಲದ ಹಾಗೆ ತೂಗುತ್ತದೆ, ಗಾಳಿಗೆ ಹಲ್ಲು ಕಟಕಟ ಅನ್ನುತ್ತದೆ. ಮತ್ತೆ ನಡುದಾರಿಯಲ್ಲಿ ಜಾಕೆಟ್ ಬಿಚ್ಚಿ ಲೈನರ್ ಸಿಕ್ಕಿಸುವಷ್ಟರಲ್ಲಿ ಚಾರ್ಮಾಡಿಯಲ್ಲಿ ಮಳೆ ಬಂದು ಹೋಗಿ ಇನ್ನೊಂದು ಮಳೆ ಶುರುವಾಗಿರುತ್ತದೆ. ಮೇಲೆ ಹಾಕುವ ರೈನ್‌ಸೂಟ್ ಬೇರೆ ತಗೊಳ್ಳಿ, ಹಳದಿಯೋ ಕೇಸರಿಯೋ ಯಾವುದಾದರೂ ಎದ್ದು ಕಾಣುವ ಬಣ್ಣ. 1,500 ಸುಮಾರಿಗೆ ಸಿಗುತ್ತದೆ. ಜಾಕೆಟ್ ಮೇಲೆ ಹಾಕಿಕೊಂಡೇ ಅಳತೆ ನೋಡಿ.

ಬೂಟಿಗೆ ಪೂರ್ತಿ ರೈಡಿಂಗ್ ಬೂಟ್ ಈಗಲೇ ಬೇಡ ಅನ್ನಿಸುತ್ತದೆ. ನಿಮಗೆ ಆಫೀಸಲ್ಲಿ ದಿನವಿಡೀ ಅದರಲ್ಲೇ ಇರಬೇಕು. ಪಾದದ ಕೀಲು ಮುಚ್ಚುವ ರೈಡಿಂಗ್ ಶೂ ಬರುತ್ತದೆ, ನೋಡಲು ಮಾಮೂಲಿ ಶೂ ತರಹವೇ ಇರುತ್ತದೆ. ಅದರ ನಂಬರ್ ಇಎನ್ 13634. ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ಬೇಡ. ಲೇಸ್ ಇದ್ದರೆ ತುದಿ ಒಳಗೆ ಸಿಕ್ಕಿಸಿ, ನನ್ನದೊಂದು ಸಲ ಗೇರ್ ಲಿವರ್‌ಗೆ ಸುತ್ತಿಕೊಂಡು ಸಿಗ್ನಲ್‌ನಲ್ಲಿ ಕಾಲು ಕೆಳಗಿಡಲಾಗದೆ ಬೈಕ್ ಸಮೇತ ಮೆಲ್ಲಗೆ ವಾಲಿ ಬಿದ್ದೆ. ಏಟಿಗಿಂತ ಮಾನ ಹೋದದ್ದೇ ಜಾಸ್ತಿ.

ಇನ್ನೊಂದು. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ಹುರುಳಿ, ರಾಗಿ ರಸ್ತೆ ಮೇಲೇ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಅದರ ಮೇಲೆ ಬ್ರೇಕ್ ಹಿಡಿಯಬೇಡಿ. ಗೋಲಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ನಾನು ಬೇಲೂರಿನ ಈಚೆ ಹುರುಳಿ ಮೇಲೆ ಜಾರಿದೆ, 30ರ ಸ್ಪೀಡ್ ಇರಬೇಕು. ಮೊಣಕಾಲಿನ ಗಾರ್ಡ್ ಮೇಲೆ ಉದ್ದಕ್ಕೆ ಗೀರಿದ ಗುರುತಿದೆ, ಕಾಲಿಗೆ ಏನೂ ಇಲ್ಲ. ಒಕ್ಕಣೆ ಮಾಡುತ್ತಿದ್ದ ಅಜ್ಜಿ ಓಡಿ ಬಂದು ಎಬ್ಬಿಸಿ, ಮಜ್ಜಿಗೆ ಕೊಟ್ಟು, ಆಮೇಲೆ ಹುರುಳಿ ಚೆಲ್ಲಾಪಿಲ್ಲಿ ಮಾಡಿದ್ದಕ್ಕೆ ಬೈದರು.

---

ಅಂಗಡಿ ಹುಡುಗ

ನೀ ಗಾರ್ಡ್‌ಗೆ ಒಂದು ಮಾತು. ಪ್ಯಾಂಟ್ ಮೇಲೆ ಕಟ್ಟುವ, ಮಧ್ಯೆ ಮಡಚುವ ಕೀಲು ಇರುವುದು ತಗೊಳ್ಳಿ ಅಕ್ಕ. ಆಫೀಸಿಗೆ ಹೋದ ತಕ್ಷಣ ಪಾರ್ಕಿಂಗ್‌ನಲ್ಲೇ ಬಿಚ್ಚಬಹುದು. ಒಳಗೆ ಹಾಕುವುದಾದರೆ ಬಾತ್‌ರೂಮಿಗೆ ಹೋಗಬೇಕು, ನಾಲ್ಕು ದಿನ ಮಾಡುತ್ತೀರ, ಐದನೇ ದಿನ ಬ್ಯಾಗಲ್ಲೇ ಇರುತ್ತದೆ.

---

ತಿಪಟೂರು ತೆಂಗು

ಎರಡು ವಾರ ಆಯಿತು, ತಗೊಂಡೆ. ಶನಿವಾರ ಬೆಳಿಗ್ಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದೆ. ಹೆಲ್ಮೆಟ್ ಒಂದಕ್ಕೇ ಒಂದೂವರೆ ಗಂಟೆ ಹಿಡಿಯಿತು. ನಾನು ಮನಸ್ಸಲ್ಲಿ ಇಟ್ಟುಕೊಂಡಿದ್ದ ಮಾಡೆಲ್ ಹತ್ತೇ ನಿಮಿಷಕ್ಕೆ ಹಣೆ ನೋಯಿಸಿತು, ಕಣ್ಣೆತ್ತಿಯೂ ನೋಡದಿದ್ದ ಇನ್ನೊಂದು ಸರಿಯಾಗಿ ಕೂತಿತು. ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡುತ್ತಿದ್ದರೆ ಅಂಗಡಿಯವರು "ಇನ್‌ಕಮ್ ಟ್ಯಾಕ್ಸ್‌ನವರಾ ಮೇಡಂ" ಅಂತ ಕೇಳಿದರು.

ಲೆಕ್ಕ: ಹೆಲ್ಮೆಟ್ 4,600, ಗ್ಲೌಸ್ 2,400, ನೀ ಗಾರ್ಡ್ 2,200, ಮೆಶ್ ಜಾಕೆಟ್ 8,900 (ಬೆನ್ನಿನ ಜೇಬಲ್ಲಿ ಸ್ಪಂಜೇ ಇತ್ತು! ಚೌಕಾಸಿ ಮಾಡಿ ಅದೇ ರೇಟಿಗೆ ಲೆವೆಲ್ 1 ಪ್ಯಾಡ್ ಹಾಕಿಸಿಕೊಂಡೆ), ರೈನ್‌ಸೂಟ್ 1,500, ಶೂ 4,900. ಒಟ್ಟು 24,500. ಉಳಿದ ಐನೂರರಲ್ಲಿ ಮಸಾಲೆ ದೋಸೆ ತಿಂದು ಬಾಲಕ್ಲಾವಾ ತಗೊಂಡೆ.

ಹೋದ ಶನಿವಾರ ಎಲ್ಲಾ ಹಾಕಿಕೊಂಡು ಊರಿಗೆ ಹೋದೆ. ಹೆಲ್ಮೆಟ್ ಅಲ್ಲಾಡಲಿಲ್ಲ, ಗಾಳಿಯ ಸದ್ದೂ ಕಡಿಮೆ. ಬೆವರಿದ್ದು ಗೊರಗುಂಟೆಪಾಳ್ಯ ದಾಟುವವರೆಗೆ ಮಾತ್ರ, ಆಮೇಲೆ ಆರಾಮ. ದಿನಾ ಆಫೀಸಿಗೆ ಹೋಗುವಾಗ ನೀ ಗಾರ್ಡ್ ಹಾಕುತ್ತಿಲ್ಲ ಅಂತ ಒಪ್ಪಿಕೊಂಡುಬಿಡುತ್ತೇನೆ, ಮೂಳೆ ವಾರ್ಡ್ ಅವರು ಬೈಯಬೇಡಿ. ಉಳಿದದ್ದು ಹಾಕುತ್ತಿದ್ದೇನೆ.

ಅಮ್ಮ ಜಾಕೆಟ್ ಮುಟ್ಟಿ ನೋಡಿ, ಮೊಣಕೈ ಹತ್ತಿರ ಗೆಣ್ಣಿನಿಂದ ಟಕ್ ಟಕ್ ಅಂತ ಕುಟ್ಟಿ, "ನಿಮ್ಮಪ್ಪಂಗೂ ಇಂಥದ್ದೊಂದು ಎಷ್ಟಾಗುತ್ತೆ ಕೇಳು" ಅಂದರು. ಅಪ್ಪ ಟಿವಿಎಸ್ ಎಕ್ಸೆಲ್‌ನಲ್ಲಿ ತೋಟಕ್ಕೆ ಹೋಗುವವರು, ಹಿಂದೆ ಎರಡು ಗೊನೆ ಎಳನೀರು, ಕಾಲಲ್ಲಿ ಹವಾಯಿ ಚಪ್ಪಲಿ. ತಲೆಗೆ ಟವಲ್. ಅವರ ತಲೆ ಅಳತೆ ತಗೊಂಡು ಬಂದಿದ್ದೇನೆ, 58 ಸೆಂಟಿಮೀಟರ್. ಸೆಕೆ ಆಗದ, ತೂಕ ಕಡಿಮೆ ಇರುವ ಹೆಲ್ಮೆಟ್ 2 ಸಾವಿರದೊಳಗೆ ಯಾವುದಿದೆ ಹೇಳಿ?